ಇರ್ಪು ಜಲಪಾತಕ್ಕೆ ಮನೆಮಂದಿಯ ಜೊತೆ ಒಂದು ಕಿರುಚಾರಣ: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕೊಡಗಿನ ಬ್ರಹ್ಮಗಿರಿ ಬೆಟ್ಟಸಾಲಿನಲ್ಲಿ ಹುಟ್ಟುವ ಲಕ್ಷ್ಮಣತೀರ್ಥ ನದಿಯು ಬಯಲಿಗೆ ಇಳಿಯುವ ಮೊದಲು ಕಾಡಿನ ನಡುವೆ ಬಂಡೆಯಿಂದ ಬಂಡೆಗೆ ಧುಮುಕುವ ತಾಣವೇ ಇರ್ಪು. ಬೇರೆ ಬೇರೆ ತಿಂಗಳುಗಳಲ್ಲಿ, ಕೆಲವೊಮ್ಮೆ ತಾಯಿಯವರೊಂದಿಗೆ, ಕೆಲವೊಮ್ಮೆ ಮಕ್ಕಳೊಂದಿಗೆ ನಾನು ಅಲ್ಲಿಗೆ ಹೋಗಿಬಂದಿದ್ದೇನೆ. ಹೋಗಿಬಂದಾಗಲೆಲ್ಲ ಬಂಧುಗಳೂ ಸ್ನೇಹಿತರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ದಾರಿ ಚಿಕ್ಕದು, ಆದ್ದರಿಂದ ಸಿದ್ಧತೆ ಬೇಡ ಎಂದು ಭಾವಿಸುವವರೇ ಹೆಚ್ಚು. ನನ್ನ ಅನುಭವದಲ್ಲಿ ಇಂತಹ ನಡಿಗೆಯ ಯೋಜನೆಯನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆ, ಮತ್ತು ನಮ್ಮ ಕಣ್ಣಿಗೆ ಕಾಣದ ಬೆಟ್ಟದ ನೆತ್ತಿಯ ಮೇಲೆ ಸುರಿಯುವ ಮಳೆ.

ಇರ್ಪು ಎಲ್ಲಿದೆ? ತಲಕಾವೇರಿಯ ಬ್ರಹ್ಮಗಿರಿಯೂ ಇದೂ ಒಂದೆಯೇ?

ಒಂದೇ ಅಲ್ಲ. ಹೆಸರು ಒಂದೇ ಆಗಿರುವುದರಿಂದ ಈ ಗೊಂದಲ ಮತ್ತೆ ಮತ್ತೆ ಆಗುತ್ತದೆ. ಮೊಬೈಲಿನ ನಕ್ಷೆಯಲ್ಲಿ ಬರೀ ‘ಬ್ರಹ್ಮಗಿರಿ’ ಎಂದು ಹುಡುಕಿ ಭಾಗಮಂಡಲದ ಕಡೆಗೆ ಹೊರಟುಬಿಟ್ಟ ಒಂದು ಕುಟುಂಬವನ್ನು ನಾನು ಬಲ್ಲೆ. ತಲಕಾವೇರಿಯ ಪಕ್ಕದಲ್ಲಿರುವ ಬ್ರಹ್ಮಗಿರಿ ಬೆಟ್ಟವು ಕೊಡಗಿನ ಪಶ್ಚಿಮದ ಅಂಚಿನಲ್ಲಿದೆ. ಇರ್ಪು ಇರುವುದು ಜಿಲ್ಲೆಯ ದಕ್ಷಿಣದ ತುದಿಯಲ್ಲಿ, ಕೇರಳದ ವಯನಾಡಿಗೂ ನಮಗೂ ನಡುವೆ ಗಡಿಯಾಗಿ ನಿಂತ ಬ್ರಹ್ಮಗಿರಿ ಸಾಲಿನ ಬುಡದಲ್ಲಿ. ಶ್ರೀಮಂಗಲ ಮತ್ತು ಕುಟ್ಟ ಊರುಗಳ ಸುತ್ತಮುತ್ತಲಿನ ಈ ಪ್ರದೇಶವು ವಿರಾಜಪೇಟೆಯಿಂದ ಸುಮಾರು 48 ಕಿಲೋಮೀಟರ್ ದೂರದಲ್ಲಿದೆ. ಇದೇ ಬೆಟ್ಟದ ಆಚೆಯ ಮಗ್ಗುಲಲ್ಲಿ ವಯನಾಡಿನ ಪ್ರಸಿದ್ಧ ತಿರುನೆಲ್ಲಿ ದೇವಸ್ಥಾನವಿದೆ. ನಕ್ಷೆಯಲ್ಲಿ ‘ಇರ್ಪು ಜಲಪಾತ’ ಅಥವಾ ‘ಇರ್ಪು ರಾಮೇಶ್ವರ ದೇವಸ್ಥಾನ’ ಎಂದೇ ಹುಡುಕಿರಿ.

ಎಷ್ಟು ದೂರ ನಡೆಯಬೇಕು? ದಾರಿ ಹೇಗಿದೆ?

ವಾಹನ ನಿಲ್ಲಿಸುವ ಜಾಗದಿಂದ ಜಲಪಾತದ ಬುಡಕ್ಕೆ ಇರುವ ದೂರ ಒಂದು ಕಿಲೋಮೀಟರಿನ ಆಸುಪಾಸಿನದು. ಗದ್ದೆಯ ಅಂಚಿನಲ್ಲಿರುವ ರಾಮೇಶ್ವರ ದೇವಸ್ಥಾನದ ಬಳಿಯಿಂದ ಹೊರಟು, ಅರಣ್ಯ ಇಲಾಖೆಯ ಟಿಕೆಟ್ ಕೌಂಟರನ್ನು ದಾಟಿದ ಮೇಲೆ ಮರಗಳ ನೆರಳು ದಟ್ಟವಾಗುತ್ತದೆ. ದಾರಿಯ ಪಕ್ಕದಲ್ಲಿಯೇ ಹೊಳೆ ಹರಿಯುವುದರಿಂದ ಜಲಪಾತ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಅದರ ಸದ್ದು ಜೊತೆಗೂಡುತ್ತದೆ. ಮೊದಲ ಭಾಗವು ನಿಧಾನವಾದ ಏರು. ಕೊನೆಯ ಭಾಗದಲ್ಲಿ ಮೆಟ್ಟಿಲುಗಳಿದ್ದು ಅಲ್ಲಿ ಏದುಸಿರು ಬರುತ್ತದೆ. ಗಟ್ಟಿಮುಟ್ಟಾದವರಿಗೆ ಇದು ಇಪ್ಪತ್ತು ನಿಮಿಷದ ದಾರಿ. ಐದಾರು ವರ್ಷದ ಮಗುವೂ ಎಪ್ಪತ್ತು ದಾಟಿದ ಹಿರಿಯರೂ ಜೊತೆಗಿದ್ದರೆ ನಲವತ್ತೈದು ನಿಮಿಷವನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಮೇಲೆ ಒಂದು ಗಂಟೆ, ಇಳಿಯುವುದಕ್ಕೆ ಅರ್ಧ ಗಂಟೆ, ದೇವಸ್ಥಾನದಲ್ಲಿ ಅರ್ಧ ಗಂಟೆ ಎಂದರೆ ಒಟ್ಟು ಸುಮಾರು ಮೂರು ಗಂಟೆಯ ಕಾರ್ಯಕ್ರಮ. ಇದನ್ನು ಒಂದೂವರೆ ಗಂಟೆಯಲ್ಲಿ ಮುಗಿಸಬೇಕೆಂದು ಹೊರಟವರು ಮೆಟ್ಟಿಲಿನ ಮೇಲೆ ಮಕ್ಕಳನ್ನು ಗದರಿಸುತ್ತಾ ಏರುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಎಷ್ಟು ವಯಸ್ಸಿನ ಮಕ್ಕಳನ್ನು ಕರೆದೊಯ್ಯಬಹುದು?

ಸ್ವತಃ ಮೆಟ್ಟಿಲು ಹತ್ತಬಲ್ಲ ಯಾವುದೇ ಮಗು ಈ ದಾರಿಯನ್ನು ನಡೆಯಬಲ್ಲದು. ನಾಲ್ಕೈದು ವರ್ಷ ತುಂಬಿದ ಮಕ್ಕಳು ಸಾಮಾನ್ಯವಾಗಿ ಎತ್ತಿಕೊಳ್ಳಿ ಎಂದು ಹಟ ಹಿಡಿಯದೆ ತಲುಪುತ್ತಾರೆ. ಅದಕ್ಕಿಂತ ಚಿಕ್ಕ ಕೂಸುಗಳನ್ನು ಎತ್ತಿಕೊಂಡೇ ಹೋಗಬೇಕಾಗುತ್ತದೆ. ಚಕ್ರದ ತಳ್ಳುಗಾಡಿ ಇಲ್ಲಿ ಉಪಯೋಗಕ್ಕೆ ಬಾರದು. ಎತ್ತಿಕೊಳ್ಳುವವರ ಎರಡೂ ಕೈ ಬಿಡುವಾಗಿರಬೇಕು, ಅಂದರೆ ಮಗುವನ್ನು ಎದೆಗೆ ಅಥವಾ ಬೆನ್ನಿಗೆ ಭದ್ರವಾಗಿ ಕಟ್ಟಿಕೊಳ್ಳುವ ಚೀಲ ಬೇಕು. ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಒದ್ದೆ ಮೆಟ್ಟಿಲು ಇಳಿಯುವುದು ಅಪಾಯವನ್ನು ಕರೆದು ಕೂರಿಸಿಕೊಂಡಂತೆ.

ಮಕ್ಕಳ ಗುಂಪಿದ್ದರೆ ಹೊರಡುವ ಮೊದಲೇ ಯಾರ ಹೊಣೆ ಯಾರಿಗೆ ಎಂಬುದನ್ನು ಹೆಸರು ಹಿಡಿದು ಹಂಚಿಕೊಳ್ಳಿರಿ. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂಬ ನಂಬಿಕೆಯಲ್ಲಿ ಯಾರೂ ನೋಡದೆ ಹೋಗುವ ಕ್ಷಣಗಳು ನೀರಿನ ಹತ್ತಿರವೇ ಬರುತ್ತವೆ. ನಮ್ಮ ಮನೆಯಲ್ಲಿ ಮುಂದೆ ಒಬ್ಬರು, ಹಿಂದೆ ಒಬ್ಬರು ದೊಡ್ಡವರು ಇರಬೇಕು, ಮುಂದಿನವರನ್ನು ಯಾವ ಮಗುವೂ ದಾಟಬಾರದು ಎಂಬ ಒಂದೇ ನಿಯಮವಿದೆ. ಮಕ್ಕಳು ಅದನ್ನು ಸಂತೋಷದಿಂದಲೇ ಪಾಲಿಸುತ್ತಾರೆ.

ಮಂಡಿನೋವು ಇರುವ ಹಿರಿಯರು ಬರಬಹುದೇ?

ಬರಬಹುದು, ಆದರೆ ಏರುವುದಕ್ಕಿಂತ ಇಳಿಯುವುದೇ ಮಂಡಿಗೆ ಹೆಚ್ಚು ಕಷ್ಟ ಎಂಬುದನ್ನು ಅವರಿಗೆ ಮೊದಲೇ ತಿಳಿಸಿರಿ. ಒಂದು ಊರುಗೋಲು, ಹಿಡಿತವಿರುವ ಚಪ್ಪಟೆ ಅಡಿಯ ಬೂಟು ಮತ್ತು ಅಲ್ಲಲ್ಲಿ ಕುಳಿತು ಸುಧಾರಿಸಿಕೊಳ್ಳಲು ಸಮಯ, ಈ ಮೂರು ಇದ್ದರೆ ಸಾಧಾರಣ ಆರೋಗ್ಯದವರು ಹೋಗಿಬರುತ್ತಾರೆ. ನನ್ನ ತಾಯಿಯವರು ಒಮ್ಮೆ ಮೆಟ್ಟಿಲಿನ ಬುಡದಲ್ಲಿಯೇ ಕುಳಿತು, ‘ನೀವು ಹೋಗಿಬನ್ನಿ, ನನಗೆ ಈ ಹೊಳೆಯೇ ಸಾಕು’ ಎಂದರು. ಅವರನ್ನು ಒತ್ತಾಯಿಸಲಿಲ್ಲ, ಮನೆಯವರಲ್ಲಿ ಒಬ್ಬರು ಅವರ ಜೊತೆಗೆ ಉಳಿದರು. ಕೊನೆಯವರೆಗೆ ಬಾರದವರಿಗೂ ದೇವಸ್ಥಾನದ ಅಂಗಳ, ಸುತ್ತಲಿನ ಗದ್ದೆ ಬಯಲು, ನೆರಳಿನ ಹೊಳೆದಂಡೆ ಇವೆಲ್ಲ ಇರುವುದೇ ಈ ತಾಣವನ್ನು ನಾನು ಕುಟುಂಬಗಳಿಗೆ ಸೂಚಿಸಲು ಮುಖ್ಯ ಕಾರಣ. ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳಿಯೇ ಹೊರಡಬೇಕು.

ಹೋಗುವುದಕ್ಕೆ ಯಾವ ತಿಂಗಳು ಒಳ್ಳೆಯದು?

ಮಕ್ಕಳೊಂದಿಗೆ ಮೊದಲ ಬಾರಿ ಹೋಗುವವರಿಗೆ ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಕಾಲವನ್ನು ಸೂಚಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆಯನ್ನು ಬೆಟ್ಟದ ಮೇಲಿನ ಶೋಲಾ ಕಾಡು (ಕಣಿವೆಗಳಲ್ಲಿ ಬೆಳೆಯುವ ನಿತ್ಯಹಸಿರು ಕಾಡು) ಮತ್ತು ಹುಲ್ಲುಗಾವಲು ಹೀರಿಟ್ಟುಕೊಂಡು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುವುದರಿಂದ, ಮಳೆ ನಿಂತ ಮೇಲೂ ಹಲವು ವಾರಗಳ ಕಾಲ ನೀರು ತುಂಬಿಯೇ ಇರುತ್ತದೆ. ದಾರಿಯ ಪಾಚಿ ಮಾತ್ರ ಒಣಗಲು ಆರಂಭಿಸಿರುತ್ತದೆ. ಬಿಸಿಲು ಬಿದ್ದ ತೇವದ ಮರಳಿನ ಮೇಲೆ ಚಿಟ್ಟೆಗಳು ಗುಂಪುಗೂಡಿ ಕೂರುವುದನ್ನು ಮಕ್ಕಳಿಗೆ ತೋರಿಸಬಹುದು. ಅವು ಅಲ್ಲಿ ಹೀರುವುದು ಮಣ್ಣಿನಲ್ಲಿರುವ ಲವಣಗಳನ್ನು. ನವೆಂಬರಿನ ನಂತರ ತೋಟಗಳಲ್ಲಿ ಕಾಫಿ ಹಣ್ಣಿನ ಕೊಯ್ಲು ನಡೆಯುತ್ತಿರುತ್ತದೆ, ಗದ್ದೆಗಳಲ್ಲಿ ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ಕಾಲ ಹತ್ತಿರವಾಗಿರುತ್ತದೆ. ಹೋಗುವ ದಾರಿಯೇ ಆಗ ಒಂದು ಪಾಠದಂತೆ ಇರುತ್ತದೆ.

ಫೆಬ್ರವರಿಯಿಂದ ನೀರು ಇಳಿಯುತ್ತಾ ಹೋಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಅದಾದ ಕೆಲವು ದಿನಗಳಿಗೆ ಕಾಫಿ ತೋಟಗಳೆಲ್ಲ ಬಿಳಿಯ ಹೂವಿನಿಂದ ತುಂಬಿ, ಮಲ್ಲಿಗೆಯನ್ನು ನೆನಪಿಸುವ ಪರಿಮಳ ದಾರಿಯುದ್ದಕ್ಕೂ ಹರಡಿರುತ್ತದೆ. ಜಲಪಾತ ತೆಳುವಾಗಿದ್ದರೂ ಆ ವಾರದ ಪ್ರಯಾಣ ಸಾರ್ಥಕ.

ಮಳೆಗಾಲದ ಜಲಪಾತವನ್ನೇ ನೋಡಬೇಕು ಎಂಬ ಆಸೆಯಿದೆ. ಜುಲೈಯಲ್ಲಿ ಹೋಗಬಾರದೇ?

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಾಲವನ್ನು ಕೊಡವರು ಕಕ್ಕಡ ಎನ್ನುತ್ತಾರೆ. ಮಳೆ ಬಿಡದೆ ಹೊಯ್ಯುವ, ಬೇಸಾಯದ ಕೆಲಸ ಮತ್ತು ಮನೆಯೊಲೆಯ ಬಿಸಿಯ ಹೊರತು ಬೇರೇನೂ ಇಲ್ಲದ ತಿಂಗಳು ಅದು. ಕಕ್ಕಡ 18ರಂದು ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡಿ ಉಣ್ಣುವ ರೂಢಿ ಇಂದಿಗೂ ಇದೆ. ಆ ಕಾಲದ ಇರ್ಪು ಭವ್ಯವಾದುದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ದೂರದಿಂದ ನೋಡುವ ಭವ್ಯತೆ. ಮಳೆ ಜೋರಾದಾಗ ಜಿಲ್ಲಾಡಳಿತ ಅಥವಾ ಅರಣ್ಯ ಇಲಾಖೆ ಜಲಪಾತಗಳಿಗೆ ಪ್ರವೇಶವನ್ನು ನಿಲ್ಲಿಸುವುದುಂಟು. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕೊಡಗು ಕಂಡ ಭೂಕುಸಿತ ಮತ್ತು ಪ್ರವಾಹಗಳ ನಂತರ ಅಂತಹ ಆದೇಶವನ್ನು ಯಾರೂ ಹಗುರವಾಗಿ ಕಾಣಬಾರದು. ಆದ್ದರಿಂದ ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಿರಿ. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಕೋಣೆಗೆ ಕಟ್ಟಿದ ಮುಂಗಡ ಹೋದರೂ ಸರಿ, ಪ್ರಯಾಣವನ್ನು ಮುಂದೂಡಿರಿ.

ಬಿಸಿಲಿರುವಾಗಲೂ ನೀರು ಏಕಾಏಕಿ ಏರುತ್ತದೆ ಎನ್ನುತ್ತಾರೆ. ಅದು ನಿಜವೇ? ಮುನ್ಸೂಚನೆ ಏನಾದರೂ ಇರುತ್ತದೆಯೇ?

ನಿಜ, ಮತ್ತು ಈ ಪುಟದಲ್ಲಿ ನೀವು ಒಂದೇ ಒಂದು ಉತ್ತರವನ್ನು ಓದುವುದಾದರೆ ಇದನ್ನು ಓದಬೇಕೆಂದು ನನ್ನ ಕಳಕಳಿ. ನಾವು ನಿಂತಿರುವುದು ಬೆಟ್ಟದ ಬುಡದಲ್ಲಿ. ನೀರು ಸೇರಿಕೊಳ್ಳುವುದು ಅದೆಷ್ಟೋ ಮೇಲಿರುವ, ನಮಗೆ ಕಾಣದ ಇಳಿಜಾರುಗಳಲ್ಲಿ. ಅಲ್ಲಿ ಅರ್ಧ ಗಂಟೆ ಬಿರುಸಾದ ಮಳೆ ಬಿದ್ದರೆ, ಕಡಿದಾದ ಬಂಡೆಗಳ ಮೇಲೆ ತಡೆಯಿಲ್ಲದೆ ಇಳಿಯುವ ಆ ನೀರು ಸ್ವಲ್ಪ ಹೊತ್ತಿನಲ್ಲಿಯೇ ಕೆಳಗೆ ತಲುಪುತ್ತದೆ. ಕೆಳಗೆ ಆಗ ಬಿಸಿಲೇ ಇರಬಹುದು.

ಒಂದು ನವೆಂಬರ್ ಮಧ್ಯಾಹ್ನ ನಾವು ಹೊಳೆಯ ಪಕ್ಕದ ಬಂಡೆಗಳ ಮೇಲೆ ಕುಳಿತಿದ್ದೆವು. ಆಕಾಶ ತಿಳಿಯಾಗಿತ್ತು, ಬೆಟ್ಟದ ತುದಿಗೆ ಮಾತ್ರ ಕಪ್ಪು ಮೋಡ ಕವಿದಿತ್ತು. ಕನ್ನಡಿಯಂತಿದ್ದ ನೀರು ಮೊದಲು ಚಹಾದ ಬಣ್ಣಕ್ಕೆ ತಿರುಗಿತು, ಒಣಗಿದ ಎಲೆ ಕಡ್ಡಿಗಳು ತೇಲಿಬರತೊಡಗಿದವು, ಸದ್ದು ಭಾರವಾಯಿತು. ಕಾವಲಿನವರು ಸೀಟಿ ಊದಿ ಎಲ್ಲರನ್ನೂ ಮೇಲೆ ಕಳಿಸಿದರು. ನಾವು ಚೀಲ ಎತ್ತಿಕೊಂಡು ಮೆಟ್ಟಿಲು ಸೇರಿ ಹಿಂತಿರುಗಿ ನೋಡಿದಾಗ ನನ್ನ ಮಗಳು ಕುಳಿತಿದ್ದ ಬಂಡೆ ನೀರಿನ ಒಳಗಿತ್ತು. ನೀರಿನ ಬಣ್ಣ ಬದಲಾಗುವುದು, ಕಸಕಡ್ಡಿ ಹೆಚ್ಚಾಗಿ ತೇಲಿಬರುವುದು, ಮೊರೆತ ದಪ್ಪವಾಗುವುದು, ಅಂಚಿನ ಕಲ್ಲುಗಳು ಒಂದೊಂದಾಗಿ ಮುಳುಗುವುದು: ಈ ನಾಲ್ಕರಲ್ಲಿ ಒಂದನ್ನು ಕಂಡರೂ ವಸ್ತುಗಳನ್ನು ಹೆಕ್ಕುತ್ತಾ ನಿಲ್ಲದೆ ದಂಡೆಯಿಂದ ಎತ್ತರದ ಜಾಗಕ್ಕೆ ಹೋಗಬೇಕು. ಹೊಳೆಯ ಆಚೆ ದಡದಲ್ಲಿ ಸಿಕ್ಕಿಕೊಂಡರೆ ದಾಟಲು ಪ್ರಯತ್ನಿಸದೆ ಎತ್ತರದಲ್ಲಿಯೇ ಕಾದು ಕುಳಿತು, ಕೂಗಿ ಸಹಾಯ ಕೇಳಬೇಕು. ಮಕ್ಕಳು ಮಂಡಿಯ ಮಟ್ಟದ ನೀರೆಂದು ಇಳಿದರೂ ಸೆಳವು ಅವರ ಕಾಲನ್ನು ಕಿತ್ತುಬಿಡುತ್ತದೆ.

ಹಾಗಿದ್ದರೆ ನೀರಿಗೆ ಇಳಿಯಲೇಬಾರದೇ?

ಅಲ್ಲಿನ ಸಿಬ್ಬಂದಿ ಅನುಮತಿಸುವ ದಿನಗಳಲ್ಲಿ, ಅವರು ತೋರಿಸುವ ಜಾಗದಲ್ಲಿ, ನೀರು ತಿಳಿಯಾಗಿರುವಾಗ ಕಾಲು ಇಳಿಬಿಟ್ಟು ಕೂರಬಹುದು, ಮೈ ತೋಯಿಸಿಕೊಳ್ಳಬಹುದು. ಧಾರೆಯ ನೇರ ಕೆಳಗೆ ತಲೆಯೊಡ್ಡಿ ನಿಲ್ಲುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಮೇಲಿನಿಂದ ನೀರಿನ ಜೊತೆಗೆ ಕಲ್ಲು, ಮರದ ತುಂಡುಗಳೂ ಬರುತ್ತವೆ. ಪಾಚಿಗಟ್ಟಿದ ಬಂಡೆಗಳನ್ನು ಹತ್ತಿ ಮೇಲಿನ ಹಂತಕ್ಕೆ ಹೋಗುವುದಂತೂ ಸಲ್ಲದು. ಒಣಗಿದಂತೆ ಕಾಣುವ ಬಂಡೆಯೂ ಒದ್ದೆಯ ಬೂಟು ತಗುಲಿದ ಕೂಡಲೇ ಜಾರುತ್ತದೆ. ಫೋಟೊ ತೆಗೆಯುವವರು ಹಿಂದೆ ಹಿಂದೆ ಸರಿಯುವುದನ್ನೂ ಅಂಚಿಗೆ ಹೋಗಿ ಸೆಲ್ಫಿ ತೆಗೆಯುವುದನ್ನೂ ಮನೆಯ ಹದಿಹರೆಯದವರಿಗೆ ಕೆಳಗಿರುವಾಗಲೇ ಬೇಡವೆಂದು ಹೇಳಿಬಿಡಿ. ಮೇಲೆ ಹೋದ ಮೇಲೆ ಹೇಳಿದರೆ ನೀರಿನ ಸದ್ದಿನಲ್ಲಿ ಮಾತೇ ಕೇಳಿಸುವುದಿಲ್ಲ.

ಜಿಗಣೆಗಳ ಕಾಟ ಎಷ್ಟಿರುತ್ತದೆ? ಕಚ್ಚಿದರೆ ಏನು ಮಾಡಬೇಕು?

ಮಲೆನಾಡಿನ ಹಲವೆಡೆ ಉಂಬಳವೆಂದು ಕರೆಯುವ ಈ ಜೀವಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಧಾರಾಳವಾಗಿರುತ್ತದೆ, ಒಣಹವೆ ಬಂದಂತೆ ಮರೆಯಾಗುತ್ತದೆ. ಅದು ಕಚ್ಚುವಾಗ ನೋವಾಗುವುದಿಲ್ಲ. ಆಮೇಲೆ ರಕ್ತ ಹರಿಯುವುದನ್ನು ಕಂಡು ಮಕ್ಕಳು ಹೆದರುತ್ತಾರೆ, ಅಷ್ಟೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಅದು ಗಾಯದೊಳಗೆ ಬಿಡುವುದರಿಂದ ಹನಿ ಹನಿ ರಕ್ತ ಬಹಳ ಹೊತ್ತು ಸುರಿಯುತ್ತದೆ. ನೋಡುವುದಕ್ಕೆ ಗಾಬರಿಯಾದರೂ ಸಾಮಾನ್ಯವಾಗಿ ಅಪಾಯವಿಲ್ಲ.

ಅಂಟಿಕೊಂಡಿರುವ ಜಿಗಣೆಯ ಮೇಲೆ ಉಪ್ಪು ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದಾಗ ಅದು ಹೀರಿದ್ದನ್ನು ಗಾಯದೊಳಗೇ ಕಕ್ಕಿ ಸೋಂಕಿಗೆ ದಾರಿಯಾಗಬಹುದು. ಅದರ ಸಣ್ಣ ತುದಿಯಲ್ಲಿ, ಅಂದರೆ ಬಾಯಿ ಇರುವಲ್ಲಿ, ಉಗುರನ್ನು ಚರ್ಮಕ್ಕೆ ತಾಗಿಸಿ ಪಕ್ಕಕ್ಕೆ ಸರಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಆಮೇಲೆ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಿ ದೂರ ಎಸೆಯಬೇಕು. ಗಾಯವನ್ನು ಶುದ್ಧ ನೀರಿನಿಂದ ತೊಳೆದು, ಸ್ವಚ್ಛ ಬಟ್ಟೆಯನ್ನು ಒತ್ತಿ ಹಿಡಿದು, ಪಟ್ಟಿ ಕಟ್ಟಿದರೆ ಸಾಕು. ಎರಡು ಮೂರು ದಿನ ನವೆಯಿರುತ್ತದೆ. ಕೆರೆದುಕೊಳ್ಳದಂತೆ ಮಕ್ಕಳಿಗೆ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಜಿಗಣೆಯ ತಿಂಗಳುಗಳನ್ನು ತಪ್ಪಿಸುವುದೇ ಕ್ಷೇಮ. ತಡೆಗಟ್ಟಲು ಮಂಡಿಯವರೆಗಿನ ದಪ್ಪ ಕಾಲುಚೀಲ ಹಾಕಿ ಪ್ಯಾಂಟಿನ ಅಂಚನ್ನು ಅದರೊಳಗೆ ಸೇರಿಸಿರಿ. ಬೂಟಿನ ಸುತ್ತ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ ಸವರುವುದು ಊರಿನವರ ಪದ್ಧತಿ. ದಾರಿಯ ನಡುವೆ ನಡೆಯಿರಿ, ಅಂಚಿನ ಹುಲ್ಲಿನಲ್ಲಿ ನಿಲ್ಲಬೇಡಿ.

ಬೆಂಗಳೂರು ಅಥವಾ ಮೈಸೂರಿನಿಂದ ಹೇಗೆ ತಲುಪುವುದು?

ಕೊಡಗಿಗೆ ರೈಲು ಇಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದರೂ ಅಲ್ಲಿಂದ ರಸ್ತೆಯೇ ಗತಿ. ಬೆಂಗಳೂರಿನಿಂದ ಸುಮಾರು 250 ಕಿಲೋಮೀಟರ್ ಆಗುತ್ತದೆ. ಮೈಸೂರು, ಹುಣಸೂರು, ಆನೆಚೌಕೂರು, ತಿತಿಮತಿ ಮಾರ್ಗವಾಗಿ ಗೋಣಿಕೊಪ್ಪಲು ಸೇರಿ, ಅಲ್ಲಿಂದ ಪೊನ್ನಂಪೇಟೆ ಮತ್ತು ಶ್ರೀಮಂಗಲದ ಮೇಲೆ ಬರುವುದು ಕುಟುಂಬಗಳಿಗೆ ಅನುಕೂಲವಾದ ದಾರಿ. ಗೋಣಿಕೊಪ್ಪಲಿನಲ್ಲಿ ಪೆಟ್ರೋಲ್, ಔಷಧ, ಹಣ ಎಲ್ಲವನ್ನೂ ನೋಡಿಕೊಂಡು ಮುಂದುವರಿಯಿರಿ. ಹುಣಸೂರಿನಿಂದ ವೀರನಹೊಸಹಳ್ಳಿ ಗೇಟಿನ ಮೂಲಕ ನಾಗರಹೊಳೆ ಕಾಡನ್ನು ಹಾದು ಕುಟ್ಟಕ್ಕೆ ಬರುವ ಇನ್ನೊಂದು ರಸ್ತೆಯೂ ಇದೆ. ಅದು ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ರಸ್ತೆಯಾದ್ದರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ನಡುವೆ ಎಲ್ಲಿಯೂ ವಾಹನ ನಿಲ್ಲಿಸುವಂತಿಲ್ಲ. ವಾಂತಿಯಾಗುವ ಚಿಕ್ಕ ಮಕ್ಕಳಿದ್ದರೆ ಇದನ್ನು ಆರಿಸಿಕೊಳ್ಳಬೇಡಿ.

ಬಸ್ಸಿನಲ್ಲಿ ಬರುವವರು ಕುಟ್ಟಕ್ಕೆ ಹೋಗುವ ಬಸ್ಸು ಹತ್ತಿ, ಇರ್ಪುವಿಗೆ ತಿರುಗುವಲ್ಲಿ ಇಳಿಸಬೇಕೆಂದು ಕಂಡಕ್ಟರ್‌ಗೆ ಮೊದಲೇ ಹೇಳಿಡಬೇಕು. ಅಲ್ಲಿಂದ ಒಳದಾರಿಗೆ ಆಟೊ ಸಿಗದೆ ಹೋಗಬಹುದಾದ್ದರಿಂದ ಗೋಣಿಕೊಪ್ಪಲು ಅಥವಾ ಶ್ರೀಮಂಗಲದಲ್ಲಿಯೇ ಹೋಗಿಬರುವುದಕ್ಕೆ ವಾಹನ ಗೊತ್ತುಮಾಡಿಕೊಂಡರೆ ಹಿರಿಯರಿಗೆ ತೊಂದರೆಯಾಗುವುದಿಲ್ಲ.

ಆನೆ, ಹುಲಿಗಳ ಭಯವಿದೆಯೇ?

ಹಗಲು ಹೊತ್ತಿನಲ್ಲಿ, ಜನ ಓಡಾಡುವ ಆ ಚಿಕ್ಕ ದಾರಿಯಲ್ಲಿ ಹೆದರಬೇಕಾಗಿಲ್ಲ. ಎಚ್ಚರ ಬೇಕಾಗಿರುವುದು ರಸ್ತೆಯಲ್ಲಿ. ದಕ್ಷಿಣ ಕೊಡಗಿನ ಕಾಫಿ ತೋಟಗಳಿಗೆ ಆನೆಗಳು ನಿತ್ಯವೂ ಬರುತ್ತವೆ, ಹಲಸಿನ ಕಾಲದಲ್ಲಂತೂ ಹೆಚ್ಚಾಗಿ ಬರುತ್ತವೆ. ಅಲ್ಲಿನ ಜನ ಆ ಭಯದ ಜೊತೆಯಲ್ಲೇ ಬದುಕುತ್ತಿದ್ದಾರೆ, ಪ್ರಾಣಗಳನ್ನೂ ಕಳೆದುಕೊಂಡಿದ್ದಾರೆ. ಆದ್ದರಿಂದ ನಸುಕಿನಲ್ಲಿಯೂ ಕತ್ತಲಾದ ಮೇಲೂ ತೋಟದ ರಸ್ತೆಗಳಲ್ಲಿ ಇರದಂತೆ ಸಮಯವನ್ನು ಹೊಂದಿಸಿರಿ. ಆನೆ ಕಂಡರೆ ದೂರದಲ್ಲಿಯೇ ವಾಹನ ನಿಲ್ಲಿಸಿ, ಹಾರ್ನ್ ಮಾಡದೆ, ಯಾರೂ ಕೆಳಗಿಳಿಯದೆ, ಅದು ದಾಟುವವರೆಗೆ ಕಾಯಿರಿ. ತೋಟಗಳು ಖಾಸಗಿ ಆಸ್ತಿ. ಕಿತ್ತಳೆ ಕಂಡಿತೆಂದು, ಮೆಣಸಿನ ಬಳ್ಳಿ ಕಂಡಿತೆಂದು ಒಳಗೆ ನುಗ್ಗುವುದು ಸಭ್ಯತೆಯೂ ಅಲ್ಲ, ಕ್ಷೇಮವೂ ಅಲ್ಲ.

ಟಿಕೆಟ್ ಮತ್ತು ಅನುಮತಿಯ ವಿಷಯವೇನು?

ಜಲಪಾತದವರೆಗಿನ ನಡಿಗೆಗೆ ಅರಣ್ಯ ಇಲಾಖೆಯ ಕೌಂಟರಿನಲ್ಲಿ ಟಿಕೆಟ್ ಪಡೆಯಬೇಕು. ಮೊಬೈಲ್ ಸಂಪರ್ಕ ಅಲ್ಲಿ ಭರವಸೆಯದಲ್ಲವಾದ್ದರಿಂದ ಚಿಲ್ಲರೆ ನಗದು ಇರಲಿ. ಸಂಜೆ ಪ್ರವೇಶ ಬೇಗನೆ ಮುಗಿಯುತ್ತದೆ. ಮಧ್ಯಾಹ್ನ 12ರ ಒಳಗೆ ತಲುಪುವಂತೆ ಹೊರಟರೆ ಯಾವ ಆತುರವೂ ಇರದು.

ಇಷ್ಟು ದೂರ ಬಂದ ಮೇಲೆ ಬ್ರಹ್ಮಗಿರಿ ಶಿಖರಕ್ಕೂ ಹೋಗಿಬರಬಹುದೇ?

ಅದು ಬೇರೆಯದೇ ಚಾರಣ. ಇಲ್ಲಿಂದಲೇ ಹೊರಡುವ ಆ ದಾರಿ ನರಿಮಲೆಯ ಮೂಲಕ ಸಾಗಿ 1608 ಮೀಟರ್ ಎತ್ತರದ ಶಿಖರವನ್ನು ಸೇರುತ್ತದೆ. ಅರಣ್ಯ ಇಲಾಖೆಯ ಪೂರ್ವಾನುಮತಿ ಮತ್ತು ಮಾರ್ಗದರ್ಶಕರಿಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ, ಇಡೀ ದಿನದ ದಣಿವಿಗೆ ಸಿದ್ಧರಿರಬೇಕು. ಈ ಬೆಟ್ಟಗಳು 1974ರಲ್ಲಿ ಘೋಷಣೆಯಾದ, ಸುಮಾರು 181 ಚದರ ಕಿಲೋಮೀಟರ್ ವಿಸ್ತಾರದ ಬ್ರಹ್ಮಗಿರಿ ವನ್ಯಜೀವಿಧಾಮಕ್ಕೆ ಸೇರಿವೆ. ಮಕ್ಕಳು ಬೆಳೆದ ಮೇಲೆ, ಇದೇ ಹೊಳೆ ಹುಟ್ಟುವ ಜಾಗವನ್ನು ನೋಡುವ ಆಸೆಯಿಂದ ಅವರಾಗಿಯೇ ಕೇಳಿದಾಗ ಹೋಗಿರಿ.

ಜೊತೆಗೆ ಏನೇನು ಕೊಂಡೊಯ್ಯಬೇಕು? ಊಟದ ವ್ಯವಸ್ಥೆ ಹೇಗೆ?

ಒಬ್ಬರಿಗೆ ಒಂದು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಎಲ್ಲರಿಗೂ ಒಂದು ಜೊತೆ ಒಣಬಟ್ಟೆ, ಟವೆಲು. ಹಿಡಿತವಿರುವ ಬೂಟು ಅಥವಾ ಹಿಂದೆ ಪಟ್ಟಿಯಿರುವ ಸ್ಯಾಂಡಲ್. ಹವಾಯಿ ಚಪ್ಪಲಿ ಬೇಡವೇ ಬೇಡ. ಛತ್ರಿಗಿಂತ ರೇನ್‌ಕೋಟ್ ಉತ್ತಮ, ಏಕೆಂದರೆ ಮೆಟ್ಟಿಲಿನ ಮೇಲೆ ಕೈ ಬಿಡುವಾಗಿರಬೇಕು. ಹತ್ತಿ, ಪಟ್ಟಿ, ಮಕ್ಕಳ ನಿತ್ಯದ ಔಷಧ ಇರುವ ಒಂದು ಚಿಕ್ಕ ಚೀಲವನ್ನು ದೊಡ್ಡವರೊಬ್ಬರು ಹೊತ್ತುಕೊಳ್ಳಲಿ.

ಊಟವನ್ನು ಜಲಪಾತದ ಬಳಿಗೆ ಒಯ್ಯದಿರುವುದು ಲೇಸು. ಆಹಾರದ ವಾಸನೆಗೆ ಮಂಗಗಳು ಬರುತ್ತವೆ, ಒಬ್ಬರು ಒಮ್ಮೆ ಬಾಳೆಹಣ್ಣು ಕೊಟ್ಟರೆ ಮುಂದಿನವರ ಚೀಲಕ್ಕೆ ಅವು ಕೈ ಹಾಕುತ್ತವೆ. ಮಕ್ಕಳಿಗೆ ಚಕ್ಕುಲಿ, ಒಣದ್ರಾಕ್ಷಿ, ಬೆಲ್ಲದ ಉಂಡೆಯಂತಹ ಪುಟ್ಟ ತಿಂಡಿ ಡಬ್ಬಿಯಲ್ಲಿರಲಿ, ಸಾಕು. ಹಿಂತಿರುಗುವಾಗ ಗೋಣಿಕೊಪ್ಪಲಿನಲ್ಲಿ ನಿಧಾನವಾಗಿ ಊಟ ಮಾಡಬಹುದು. ಅಕ್ಕಿ ಒಟ್ಟಿ, ನೂಪುಟ್ಟು, ಕಡಂಬುಟ್ಟು ಸಿಗುವ ಕಡೆ ಮಕ್ಕಳಿಗೆ ಒಮ್ಮೆ ರುಚಿ ತೋರಿಸಿರಿ. ಒಂದು ನಾಡನ್ನು ಕಂಡೆವೆನ್ನಲು ಅಲ್ಲಿನ ಅಡುಗೆಯನ್ನೂ ಉಂಡಿರಬೇಕು.

ಇದು ಪ್ರವಾಸಿ ತಾಣವೋ, ತೀರ್ಥಕ್ಷೇತ್ರವೋ?

ಮೊದಲು ತೀರ್ಥ, ಆಮೇಲೆ ಪ್ರವಾಸಿ ತಾಣ. ಸೀತೆಯನ್ನು ಹುಡುಕುತ್ತಾ ಈ ಕಡೆ ಬಂದಾಗ ರಾಮನಿಗೆ ಬಾಯಾರಿಕೆಯಾಯಿತೆಂದೂ, ಲಕ್ಷ್ಮಣನು ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂದೂ, ಅದೇ ಲಕ್ಷ್ಮಣತೀರ್ಥವಾಗಿ ಹರಿಯಿತೆಂದೂ ಐತಿಹ್ಯವಿದೆ. ಕೆಳಗಿನ ದೇವಸ್ಥಾನದ ಶಿವನಿಗೆ ರಾಮೇಶ್ವರನೆಂಬ ಹೆಸರು ಬಂದುದೂ ರಾಮನಿಂದಲೇ ಎನ್ನುತ್ತಾರೆ. ಇಲ್ಲಿ ಮಿಂದರೆ ಪಾಪ ಕಳೆಯುತ್ತದೆ ಎಂಬ ನಂಬಿಕೆಯಿಂದ ಶಿವರಾತ್ರಿಯಂದು ಬಹಳ ಜನ ಬರುತ್ತಾರೆ. ಚಿಕ್ಕ ಮಕ್ಕಳಿರುವವರು ಆ ದಿನವನ್ನು ಬಿಟ್ಟು ಬೇರೆ ದಿನ ಬಂದರೆ ಭಕ್ತರಿಗೂ ತಮಗೂ ಅನುಕೂಲ. ಒದ್ದೆಬಟ್ಟೆಯಲ್ಲಿ ದೇವಸ್ಥಾನದ ಒಳಗೆ ಹೋಗದೆ, ಮೇಲೆ ಜೋರಾಗಿ ಹಾಡು ಹಾಕದೆ ಇರುವುದು ಕನಿಷ್ಠ ಮರ್ಯಾದೆ.

ಪ್ಲಾಸ್ಟಿಕ್ ಬಗ್ಗೆ ಇಷ್ಟೊಂದು ಕಟ್ಟುನಿಟ್ಟು ಏಕೆ?

ಇಲ್ಲಿಂದ ಇಳಿದ ಲಕ್ಷ್ಮಣತೀರ್ಥ ದಕ್ಷಿಣ ಕೊಡಗಿನ ಗದ್ದೆಗಳನ್ನು ಹಾದು, ಹನಗೋಡಿನ ಅಣೆಕಟ್ಟೆಯಲ್ಲಿ ಕಾಲುವೆಗಳಿಗೆ ನೀರು ಕೊಟ್ಟು, ಹುಣಸೂರು ಪಟ್ಟಣದ ಮಗ್ಗುಲಲ್ಲಿ ಹರಿದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರು ಮತ್ತು ಮೈಸೂರಿನವರು ಮನೆಯ ನಲ್ಲಿಯಲ್ಲಿ ಹಿಡಿದುಕೊಳ್ಳುವ ಕಾವೇರಿ ನೀರಿನಲ್ಲಿ ಈ ಜಲಪಾತದ ಪಾಲೂ ಇದೆ. ಶಾಂಪೂ ಪೊಟ್ಟಣ, ಸೋಪು, ಬಿಸ್ಕತ್ತಿನ ಹೊದಿಕೆ, ಮಗುವಿನ ಡೈಪರ್ ಯಾವುದೇ ಆಗಲಿ, ಇಲ್ಲಿ ಬಿಟ್ಟದ್ದು ಕೆಳಗಿನವರ ಬಳಿಗೆ ಹೋಗುತ್ತದೆ. ಹೋದ ಸಲ ನನ್ನ ಮಕ್ಕಳು ತಮ್ಮದಲ್ಲದ ಕಸವನ್ನೂ ಒಂದು ಚೀಲದಲ್ಲಿ ಹೆಕ್ಕಿ ತಂದರು. ಅದು ಅವರಿಗೆ ನಾನು ಹೇಳಿಕೊಟ್ಟದ್ದಲ್ಲ, ಟಿಕೆಟ್ ಕೊಟ್ಟವರು ಒಂದು ಮಾತು ಹೇಳಿದ್ದರು.

ಏನಾದರೂ ಅವಘಡವಾದರೆ?

ತುರ್ತು ಸಂದರ್ಭದಲ್ಲಿ 108 ಆಂಬುಲೆನ್ಸ್ ಮತ್ತು 112 ಸಂಖ್ಯೆಗಳಿವೆ. ಸಂಪರ್ಕ ಸಿಗದಿದ್ದರೆ ಒಬ್ಬರು ಕೂಡಲೇ ಕೆಳಗಿಳಿದು ಅರಣ್ಯ ಸಿಬ್ಬಂದಿಗೆ ತಿಳಿಸಬೇಕು, ಇನ್ನೊಬ್ಬರು ಗಾಯಾಳುವಿನ ಬಳಿ ಇರಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಹೀರುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಬೇಕು. ಗೋಣಿಕೊಪ್ಪಲು ಮತ್ತು ವಿರಾಜಪೇಟೆಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ.

ನೀರು ಕಡಿಮೆ ಇರುವಾಗ ಹೋದರೆ ಮಕ್ಕಳಿಗೆ ನಿರಾಸೆಯಾಗುವುದಿಲ್ಲವೇ?

ನಮಗೂ ಆ ಅಳುಕು ಇತ್ತು. ಒಂದು ಮಾರ್ಚ್ ತಿಂಗಳಿನಲ್ಲಿ ಹೋದಾಗ ಬಂಡೆಯ ಮೇಲೆ ಎರಡು ಮೂರು ಎಳೆಗಳಷ್ಟೇ ಇಳಿಯುತ್ತಿದ್ದವು. ದೊಡ್ಡವರು ಫೋಟೊಗಳನ್ನು ನೆನೆದು ಪೆಚ್ಚಾದರು. ಮಗಳು ಮಾತ್ರ ಮಳೆಗಾಲದಲ್ಲಿ ಮುಳುಗಿರುವ ಕುಳಿಗಳನ್ನು ಒಂದೊಂದಾಗಿ ಬಗ್ಗಿ ನೋಡುತ್ತಾ, ಗೊದಮೊಟ್ಟೆಗಳನ್ನು ಎಣಿಸುತ್ತಾ ಒಂದೂವರೆ ಗಂಟೆ ಕಳೆದಳು. ಹೊರಡೋಣವೆಂದರೆ, ಇನ್ನೂ ಒಂದು ಕುಳಿ ಬಾಕಿ ಇದೆ ಎಂದಳು. ಅಂದು ನೀರು ಎಲ್ಲೆಡೆ ತಿಳಿಯಾಗಿತ್ತು, ಬಂಡೆಗಳು ಒಣಗಿದ್ದವು, ನನ್ನ ತಾಯಿಯವರೂ ಮೆಟ್ಟಿಲುಗಳನ್ನು ಪೂರ್ತಿ ಹತ್ತಿ ಮೇಲೆ ಬಂದಿದ್ದರು.